ಕಕ್ಕಡದ ಮಳೆಯಲ್ಲಿ ಮನೆಯ ಆಮೆಗೆ ಹುಷಾರಿಲ್ಲದಿದ್ದರೆ

ನಿಮ್ಮ ಆಮೆ ಈಗ ನೀರಲ್ಲಿ ಒಂದು ಕಡೆ ವಾಲಿಕೊಂಡು ತೇಲುತ್ತಿದೆಯಾ? ಬಾಯಿ ತೆರೆದು ಉಸಿರಾಡುತ್ತಿದೆಯಾ? ಹಾಗಿದ್ದರೆ ಮುಂದೆ ಓದುವ ಮೊದಲು ಎದ್ದು ಹೋಗಿ ಟ್ಯಾಂಕಿನ ನೀರು ಕಡಿಮೆ ಮಾಡಿ. ಚಿಪ್ಪಿನ ಎತ್ತರಕ್ಕಿಂತ ಜಾಸ್ತಿ ನೀರು ಬೇಡ, ಕುತ್ತಿಗೆ ಚಾಚಿದರೆ ಸಾಕು ಮೂಗು ಹೊರಗೆ ಬರಬೇಕು. ನೀರಿನ ಆಮೆಗೂ ಇರುವುದು ಶ್ವಾಸಕೋಶವೇ, ಮೀನಿನ ಹಾಗೆ ಕಿವಿರಲ್ಲ. ನಿಶ್ಶಕ್ತಿಯಾದ ಆಮೆ ಮೇಲೆ ಬರಲಾಗದೆ ಮುಳುಗಿ ಸಾಯುತ್ತದೆ. ಅಷ್ಟು ಮಾಡಿ ಬನ್ನಿ, ಉಳಿದದ್ದು ಹೇಳುತ್ತೇನೆ.

ನಾನು ಹೇಳುತ್ತಿರುವುದು ಅಂಗಡಿಯಲ್ಲಿ ಸಿಗುವ ರೆಡ್ ಇಯರ್ಡ್ ಸ್ಲೈಡರ್ ಬಗ್ಗೆ. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುತ್ತದಲ್ಲ, ಅದು. ಗದ್ದೆಯಲ್ಲೋ ಕೆರೆ ದಂಡೆಯಲ್ಲೋ ಸಿಕ್ಕಿದ ನಮ್ಮ ನಾಡಿನ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ನಕ್ಷತ್ರ ಆಮೆಯೂ ಸೇರಿ ಅವಕ್ಕೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅಂಥದ್ದು ಗಾಯವಾಗಿ ಸಿಕ್ಕರೆ ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ತಿಳಿಸಿ.

ಸ್ಲೈಡರ್‌ನ ಮೂಲ ಊರು ಅಮೆರಿಕದ ಮಿಸಿಸಿಪ್ಪಿ ನದಿಯ ಸುತ್ತಮುತ್ತ. ಗಂಟೆಗಟ್ಟಲೆ ಮರದ ದಿಮ್ಮಿ ಮೇಲೆ ಬಿಸಿಲು ಕಾಯಿಸುವ ಪ್ರಾಣಿ. ಅದನ್ನು ನಾವು ಮಡಿಕೇರಿಗೆ ತಂದಿದ್ದೇವೆ. ಇಲ್ಲಿ ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಬಿಸಿಲಿನ ಮುಖ ಕಾಣುವುದೇ ಅಪರೂಪ, ಕಕ್ಕಡದಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡಗಿನ ತಿಂಗಳು) ಹಗಲು ಹೊತ್ತೇ 20 ಡಿಗ್ರಿ ಆಸುಪಾಸು ಇರುತ್ತದೆ, ಬಾವಿ ನೀರಂತೂ ಕೈ ಇಟ್ಟರೆ ಜುಮ್ ಅನ್ನುತ್ತದೆ. ಆಮೆಯ ಮೈಯಲ್ಲಿ ನಮ್ಮ ಹಾಗೆ ತಾನಾಗಿ ಬಿಸಿ ಹುಟ್ಟುವುದಿಲ್ಲ. ಸುತ್ತ ಎಷ್ಟು ಬೆಚ್ಚಗಿದೆಯೋ ಮೈಯೂ ಅಷ್ಟೇ. ಮೈ ತಣ್ಣಗಾದರೆ ತಿಂದದ್ದು ಜೀರ್ಣವಾಗುವುದಿಲ್ಲ, ರೋಗದ ಜೊತೆ ಹೋರಾಡುವ ಶಕ್ತಿಯೂ ಇಳಿಯುತ್ತದೆ, ಕೊಟ್ಟ ಔಷಧಿಯೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೇ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಡಾಕ್ಟರು, ಎಲ್ಲಕ್ಕಿಂತ ಕೊನೆಗೆ ಊಟ.

ನಮ್ಮ ಮನೆಯಲ್ಲಿ ಆದದ್ದೂ ಇದೇ. ಮಗಳ ಆಮೆ ಚಿಕ್ಕು, ಒಂದು ಜುಲೈಯಲ್ಲಿ ತಿನ್ನುವುದು ಬಿಟ್ಟಿತು. ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿತ್ತು. ಚಳಿಗೆ ಮಲಗಿದೆ, ಆಮೆಗಳು ಹಾಗೇ ತಿಂಗಳುಗಟ್ಟಲೆ ಮಲಗುತ್ತವೆ ಅಂತ ಯಾರೋ ಹೇಳಿದರು, ನಾನೂ ನಂಬಿದೆ. ಮೂಗಲ್ಲಿ ಗುಳ್ಳೆ ಬಂದಾಗಲೇ ಗಾಬರಿಯಾದದ್ದು. ಆ ಮೂರು ದಿನ ಸುಮ್ನೆ ಕಳೆದದ್ದಕ್ಕೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ದಯವಿಟ್ಟು ನೀವು ಕಾಯಬೇಡಿ. ಮಳೆಗಾಲದಲ್ಲಿ ಮಂಕಾದ ಆಮೆ ನಿದ್ದೆ ಮಾಡುತ್ತಿಲ್ಲ, ಅದಕ್ಕೆ ಹುಷಾರಿಲ್ಲ ಅಂತಲೇ ತಿಳಿಯಿರಿ.

ಬೆಚ್ಚಗೆ ಮಾಡುವುದು ಹೇಗೆ? ಮನೆಯೊಳಗೆ ಗಾಳಿ ಬೀಸದ ಮೂಲೆಯಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ಟಬ್ ಇಡಿ. ಕಡಿಮೆ ನೀರು ಹಾಕಿ, ಥರ್ಮಾಮೀಟರ್ ಇಳಿಸಿ. ಆರೋಗ್ಯವಾಗಿರುವ ಆಮೆಗೆ 25 ಡಿಗ್ರಿ ನೀರು ಸಾಕು, ಹುಷಾರಿಲ್ಲದ್ದಕ್ಕೆ 28ರಿಂದ 29 ಬೇಕು. ತಣ್ಣನೆಯ ಆಮೆಯನ್ನು ಒಮ್ಮೆಲೇ ಬಿಸಿ ನೀರಿಗೆ ಹಾಕಬೇಡಿ, ಕೆಲವು ಗಂಟೆಗಳಲ್ಲಿ ನಿಧಾನವಾಗಿ ಏರಿಸಿ. ಮೀನಿನ ಟ್ಯಾಂಕಿಗೆ ಹಾಕುವ ಹೀಟರ್ ನಡೆಯುತ್ತದೆ. ಆದರೆ ಅದು ಯಾವಾಗಲೂ ನೀರಿನಲ್ಲಿ ಮುಳುಗಿಯೇ ಇರಬೇಕು, ಗಾಜಿನದಾದರೆ ಆಮೆ ಗುದ್ದಿ ಒಡೆಯದ ಹಾಗೆ ಸುತ್ತ ಜಾಲರಿ ಇರಬೇಕು. ನೀರಿಗೆ ಕೈ ಹಾಕುವ ಮೊದಲು ಸ್ವಿಚ್ ಆಫ್ ಮಾಡಿ.

ಪಕ್ಕದಲ್ಲಿ ಹತ್ತಿ ಕೂರಲು ಒಣ ಜಾಗ ಬೇಕೇ ಬೇಕು. ಚಪ್ಪಟೆ ಕಲ್ಲು ಅಥವಾ ಇಟ್ಟಿಗೆ ಸಾಕು. ಅದರ ಮೇಲೆ 60 ಅಥವಾ 100 ವ್ಯಾಟಿನ ಹಳೆಯ ಕಾಲದ ತಂತಿ ಬಲ್ಬ್ ತೂಗುಹಾಕಿ, ಆ ಜಾಗ 32 ಡಿಗ್ರಿ ಆಸುಪಾಸು ಇರಲಿ. ಎಲ್‌ಇಡಿ ಬಲ್ಬ್ ಹಾಕಿ ಬೆಚ್ಚಗಾಗುತ್ತದೆ ಅಂದುಕೊಳ್ಳಬೇಡಿ, ಅದರಿಂದ ಬರುವ ಶಾಖ ಏನೇನೂ ಸಾಲುವುದಿಲ್ಲ. ಇದರ ಜೊತೆ ಅತಿನೇರಳೆ ಕಿರಣ ಕೊಡುವ ಯುವಿಬಿ ಬಲ್ಬ್ ಬೇರೆ ಬೇಕು. ಬಿಸಿಲಿನ ಬದಲಿಗೆ ಅದು. ಅದಿಲ್ಲದೆ ಮೈಯಲ್ಲಿ ವಿಟಮಿನ್ ಡಿ ತಯಾರಾಗುವುದಿಲ್ಲ, ಕ್ಯಾಲ್ಸಿಯಂ ಹಿಡಿಯುವುದಿಲ್ಲ, ಚಿಪ್ಪು ಮೆತ್ತಗಾಗುತ್ತಾ ಹೋಗುತ್ತದೆ. ಕಿಟಕಿ ಗಾಜಿನ ಹಿಂದೆ ಇಟ್ಟರೆ ಪ್ರಯೋಜನವಿಲ್ಲ, ಗಾಜು ಯುವಿಬಿಯನ್ನು ತಡೆಯುತ್ತದೆ. ಆ ಬಲ್ಬ್ ವರ್ಷದ ನಂತರವೂ ಉರಿಯುತ್ತಿರಬಹುದು, ಆದರೆ ಅದರೊಳಗಿನ ಯುವಿಬಿ ಅಷ್ಟರಲ್ಲಿ ತೀರಾ ಕಡಿಮೆಯಾಗಿರುತ್ತದೆ. ಮಳೆ ಶುರುವಾಗುವ ಮೊದಲು ಮೇ ತಿಂಗಳಲ್ಲೇ ಬದಲಿಸಿಬಿಡಿ.

ಕರೆಂಟ್ ಹೋದರೆ? ಹೋಗೇ ಹೋಗುತ್ತದೆ, ಅಲ್ವಾ. ಥರ್ಮಾಕೋಲ್ ಪೆಟ್ಟಿಗೆ ಒಂದನ್ನು ಮೊದಲೇ ತಂದಿಡಿ. ಹಂಡೆಯ ಬಿಸಿ ನೀರನ್ನು ಬಾಟಲಿಗೆ ತುಂಬಿ, ಬಟ್ಟೆ ಸುತ್ತಿ, ಪೆಟ್ಟಿಗೆಯಲ್ಲಿ ಆಮೆಯ ಟಬ್ಬಿನ ಪಕ್ಕ ಇಟ್ಟು, ಮುಚ್ಚಳ ಸ್ವಲ್ಪ ತೆರೆದಿಡಿ. ಎರಡು ಮೂರು ಗಂಟೆಗೊಮ್ಮೆ ಬಾಟಲಿ ಬದಲಿಸಬೇಕು, ರಾತ್ರಿಯೂ. ಚಿಕ್ಕುವಿನ ಮೂಗಲ್ಲಿ ಗುಳ್ಳೆ ಕಂಡ ಮೇಲೆ ನಮ್ಮ ಅತ್ತೆಯೇ ಎರಡು ರಾತ್ರಿ ಎದ್ದು ಎದ್ದು ಬದಲಿಸಿದರು. ಆದರೆ ಬಚ್ಚಲು ಒಲೆಯ ಪಕ್ಕ ಮಾತ್ರ ಇಡಬೇಡಿ. ಬೆಚ್ಚಗಿರುತ್ತದೆ ನಿಜ, ಹೊಗೆ ಮೊದಲೇ ಕಟ್ಟಿರುವ ಶ್ವಾಸಕೋಶವನ್ನು ಇನ್ನಷ್ಟು ಕೆಡಿಸುತ್ತದೆ.

ತೋಟದ ಮನೆಯವರಿಗೆ ಒಂದು ಮಾತು. ಬೋರ್ಡೋ ದ್ರಾವಣ ಕಲಸಿದ ಡ್ರಮ್ಮು, ಬಕೆಟ್ಟು ಎಷ್ಟು ತೊಳೆದಿದ್ದರೂ ಆಮೆಗೆ ಬಳಸಬೇಡಿ. ಅದರಲ್ಲಿರುವ ಮೈಲುತುತ್ತು ನೀರಿನ ಪ್ರಾಣಿಗಳಿಗೆ ವಿಷ. ಔಷಧಿ ಹೊಡೆದ ತೋಟದ ಸೊಪ್ಪೂ ಬೇಡ.

ಇನ್ನು ಏನಾಗಿದೆ ಅಂತ ನೋಡುವುದು. ಮೂಗಲ್ಲಿ ಗುಳ್ಳೆ, ಉಸಿರಾಡುವಾಗ ಸಿಳ್ಳೆಯ ಹಾಗೆ ಸದ್ದು, ವಾಲಿ ತೇಲುವುದು, ಇವು ಶ್ವಾಸಕೋಶದ ಸೋಂಕಿನ ಲಕ್ಷಣ. ನಮ್ಮ ಹವೆಯಲ್ಲಿ ನಾನು ಜಾಸ್ತಿ ಹೆದರುವುದು ಇದಕ್ಕೇ, ಮನೆಮದ್ದಿನಿಂದ ವಾಸಿಯಾಗುವುದಿಲ್ಲ. ಕಣ್ಣು ಊದಿ ಮುಚ್ಚಿಕೊಂಡಿದ್ದರೆ ಬಹುಪಾಲು ವಿಟಮಿನ್ ಎ ಕೊರತೆ, ಬರೀ ಒಣ ಸಿಗಡಿ ತಿನ್ನಿಸಿದ ಮನೆಗಳಲ್ಲಿ ಇದು ಬರುತ್ತದೆ. ಕಣ್ಣು ಕಾಣದೆ ಊಟ ಹುಡುಕಲೂ ಅದಕ್ಕೆ ಆಗುವುದಿಲ್ಲ. ಚಿಪ್ಪಿನ ಮೇಲೆ ಬಿಳಿ ಅಥವಾ ಕೆಂಪಾದ ಕಲೆ, ಒತ್ತಿದರೆ ಮೆತ್ತಗೆ, ಕೆಟ್ಟ ವಾಸನೆ, ಅಂದರೆ ಚಿಪ್ಪು ಕೊಳೆಯುತ್ತಿದೆ. ಡಾಕ್ಟರ್ ಹತ್ತಿರ ಹೋಗುವವರೆಗೆ ಮೆತ್ತನೆಯ ಬ್ರಷ್‌ನಿಂದ ಹಗುರವಾಗಿ ತೊಳೆದು, ಬೆಟಾಡಿನ್ ಅನ್ನು ತೆಳು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ಹಚ್ಚಿ, ಬೆಚ್ಚಗಿನ ಒಣ ಜಾಗದಲ್ಲಿ ಕೆಲವು ಗಂಟೆ ಬಿಡಿ. ಹೆಣ್ಣು ಆಮೆ ಊಟ ಬಿಟ್ಟು ಹಿಂಗಾಲಿನಿಂದ ಕೆರೆಯುತ್ತಾ ಚಡಪಡಿಸಿದರೆ ಮೊಟ್ಟೆ ಕಟ್ಟಿರಬಹುದು. ಗಂಡು ಇಲ್ಲದಿದ್ದರೂ ಮೊಟ್ಟೆ ಆಗುತ್ತದೆ. ನಾಯಿ ಕಚ್ಚಿ ಚಿಪ್ಪು ಬಿರಿದರೆ, ರಕ್ತ ಬಂದರೆ, ಹಿಂದಿನಿಂದ ಮಾಂಸದ ಹಾಗೆ ಏನಾದರೂ ಹೊರಗೆ ಬಂದಿದ್ದರೆ ಒದ್ದೆ ಬಟ್ಟೆ ಮುಚ್ಚಿ ಆ ಕ್ಷಣವೇ ಹೊರಡಿ.

ಡಾಕ್ಟರ್ ವಿಷಯ. ನಮ್ಮ ತಾಲ್ಲೂಕಿನ ಪಶು ಆಸ್ಪತ್ರೆಗಳಲ್ಲಿ ದಿನಾ ಬರುವುದು ಹಸು, ಹಂದಿ, ನಾಯಿ. ಆಮೆ ನೋಡಿ ಅಭ್ಯಾಸ ಇರುವವರು ಸಿಗುವುದು ಕಷ್ಟ. ಮೊದಲು ಫೋನ್ ಮಾಡಿ ಕೇಳಿ. ಇಲ್ಲದಿದ್ದರೆ ಮೈಸೂರು, ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಅಲ್ಲೂ ಆಗದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಹತ್ತಿರದ ಡಾಕ್ಟರೇ ನೋಡುತ್ತಾರೆ ಅಂದರೆ ಒಳ್ಳೆಯದೇ, ಆದರೆ ಒಂದು ಮಾತನ್ನು ನೀವೇ ಬಾಯಿ ಬಿಟ್ಟು ಹೇಳಲೇಬೇಕು: ಆಮೆಗೆ ಐವರ್‌ಮೆಕ್ಟಿನ್ ಕೊಡಬಾರದು. ಹಸು, ನಾಯಿಗೆ ಹುಳಕ್ಕೆ, ಉಣ್ಣಿಗೆ ಧಾರಾಳವಾಗಿ ಕೊಡುವ ಅದೇ ಔಷಧಿ ಆಮೆಯನ್ನು ಕೊಲ್ಲುತ್ತದೆ. ನನಗೂ ಪರಿಚಯದವರೊಬ್ಬರು ಎರಡು ಹನಿ ಹಾಕಿ ನೋಡಿ ಅಂದಿದ್ದರು. ಪುಣ್ಯಕ್ಕೆ ಹಾಕಲಿಲ್ಲ. ವಿಟಮಿನ್ ಎ ಕೂಡ ಅಂದಾಜಿನಲ್ಲಿ ಬೇಡ, ಇಂಜೆಕ್ಷನ್ ಜಾಸ್ತಿಯಾದರೆ ಚರ್ಮ ಸುಲಿದು ಬರುತ್ತದೆ. ಮನುಷ್ಯರ ಕೆಮ್ಮಿನ ಸಿರಪ್ಪು, ಉಳಿದ ಆ್ಯಂಟಿಬಯಾಟಿಕ್ಕು, ಅರಿಶಿನ, ಯಾವುದನ್ನೂ ಬಾಯಿಗೆ ಹಾಕಬೇಡಿ.

ಕರೆದುಕೊಂಡು ಹೋಗುವಾಗ ನೀರಲ್ಲಿ ಬೇಡ. ತೂತು ಮಾಡಿದ ಡಬ್ಬಿಯಲ್ಲಿ ಒದ್ದೆ ಟವೆಲ್ ಹಾಸಿ, ಪಕ್ಕದಲ್ಲಿ ಬಟ್ಟೆ ಸುತ್ತಿದ ಬಿಸಿ ನೀರಿನ ಬಾಟಲಿ ಇಡಿ. ಏನು ತಿನ್ನಿಸುತ್ತಿದ್ದಿರಿ, ನೀರು ಎಷ್ಟು ಡಿಗ್ರಿ ಇತ್ತು, ಬಲ್ಬ್ ಯಾವುದು, ಬರೆದುಕೊಂಡು ಹೋಗಿ. ಮೂಗಿನ ಗುಳ್ಳೆಯ, ತೇಲುವ ರೀತಿಯ ವಿಡಿಯೋ ತೆಗೆದಿಟ್ಟುಕೊಳ್ಳಿ, ಅಲ್ಲಿ ಹೋದಾಗ ಅದು ತಲೆ ಒಳಗೆ ಎಳೆದುಕೊಂಡು ಏನೂ ತೋರಿಸುವುದಿಲ್ಲ.

ಬಾಯಿಗೆ ತುರುಕಿ ತಿನ್ನಿಸಬೇಡಿ. ತಣ್ಣಗಿರುವ ಹೊಟ್ಟೆಯಲ್ಲಿ ಊಟ ಕೊಳೆಯುತ್ತದೆ. ದಿನಕ್ಕೊಮ್ಮೆ ಹೂಬಿಸಿ ನೀರಲ್ಲಿ ಅರ್ಧ ಗಂಟೆ ಬಿಟ್ಟರೆ ಅದು ನೀರು ಕುಡಿಯುತ್ತದೆ, ಅದೇ ಈಗ ಮುಖ್ಯ. ಚೇತರಿಸಿಕೊಂಡ ಮೇಲೆ ಆಮೆಗೆಂದೇ ಸಿಗುವ ಕಾಳು, ತುರಿದ ಸಿಹಿಗುಂಬಳ, ಕ್ಯಾರೆಟ್, ಸ್ವಲ್ಪ ನುಗ್ಗೆ ಸೊಪ್ಪು, ಎರೆಹುಳ ಕೊಡಿ. ಪಾಲಕ್ ಕಡಿಮೆ ಇರಲಿ, ಅದು ಕ್ಯಾಲ್ಸಿಯಂ ಹಿಡಿಯಲು ಬಿಡುವುದಿಲ್ಲ. ಗಿಳಿ, ಲವ್ ಬರ್ಡ್ಸ್ ಸಾಕುವವರು ಗೂಡಲ್ಲಿ ಸಿಕ್ಕಿಸುವ, ಕ್ಯಾಲ್ಸಿಯಂ ತುಂಬಿದ ಕಟಲ್‌ಬೋನ್ ತುಂಡು ನೀರಲ್ಲಿ ಬಿಟ್ಟರೆ ತಾನೇ ಕಡಿಯುತ್ತದೆ.

ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ನೋಡಲು ಚೆನ್ನಾಗಿರುವ ಆಮೆಯಲ್ಲೂ ನಮಗೆ ಭೇದಿ, ಜ್ವರ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಅಮೆರಿಕದಲ್ಲಿ ಇದೇ ಕಾರಣಕ್ಕೆ 4 ಇಂಚಿಗಿಂತ ಚಿಕ್ಕ ಆಮೆ ಮಾರುವುದನ್ನು 1975ರಲ್ಲೇ ನಿಲ್ಲಿಸಿದರು, ಮಕ್ಕಳು ಬಾಯಿಗಿಡುತ್ತಾರೆ ಅಂತ. ಟಬ್ಬನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯಬೇಡಿ. ಐದು ವರ್ಷದೊಳಗಿನ ಮಕ್ಕಳು, ಬಸುರಿಯರು ಇರುವ ಮನೆಯಲ್ಲಿ ಆರೈಕೆ ಬೇರೆಯವರು ಮಾಡಲಿ.

ಚಿಕಿತ್ಸೆ ವಾರಗಟ್ಟಲೆ ನಡೆಯುತ್ತದೆ. ಇಂಜೆಕ್ಷನ್ ಮಧ್ಯದಲ್ಲಿ ನಿಲ್ಲಿಸಬೇಡಿ. ಎಷ್ಟೇ ಬೇಸರವಾದರೂ ಹಾರಂಗಿಗೋ ಕಾವೇರಿಗೋ ಕೆರೆಗೋ ಬಿಡಬೇಡಿ, ಒಂದು ರೋಗದ ಆಮೆ ಅಲ್ಲಿಯ ಆಮೆಗಳಿಗೂ ರೋಗ ಹರಡುತ್ತದೆ. ವಾಸಿಯಾದ ಸ್ಲೈಡರ್ ಬಿಟ್ಟರೂ ಅವುಗಳ ಊಟ, ಬಿಸಿಲಿನ ಜಾಗ ಕಸಿದುಕೊಳ್ಳುತ್ತದೆ. ಸಾಕಲು ಆಗುವುದೇ ಇಲ್ಲ ಅಂದರೆ ಸಾಕುವವರನ್ನು ಹುಡುಕಿ ಕೊಡಿ.

ಅಡುಗೆಮನೆಯ ತಕ್ಕಡಿ ಬೇಡ, ಬೇರೆ ಒಂದು ಚಿಕ್ಕ ತಕ್ಕಡಿಯಲ್ಲಿ ವಾರಕ್ಕೆ ಎರಡು ಸಲ ತೂಕ ನೋಡಿ ಕ್ಯಾಲೆಂಡರ್ ಮೇಲೆ ಬರೆಯಿರಿ. ಕಣ್ಣಿಗೆ ಚೇತರಿಸಿಕೊಂಡ ಹಾಗೆ ಕಂಡರೂ ತೂಕ ಇಳಿಯುತ್ತಿದ್ದರೆ ಮತ್ತೆ ಡಾಕ್ಟರ್ ಹತ್ತಿರ ಹೋಗಬೇಕು. ತೂಕ ಏರಿ, ನೇರವಾಗಿ ಈಜಿ, ತಾನಾಗಿ ಮುಳುಗಿ ಬರತೊಡಗಿದ ಮೇಲೆ ನೀರನ್ನು ದಿನಕ್ಕೆ ಎರಡು ಬೆರಳಿನಷ್ಟು ಏರಿಸುತ್ತಾ ಹೋಗಿ, ಪ್ರತಿ ಸಲ ಒಂದು ಗಂಟೆ ಪಕ್ಕದಲ್ಲೇ ಕೂತು ನೋಡಿ. ಚಿಕ್ಕು ಹಳೆಯ ಟ್ಯಾಂಕಿಗೆ ವಾಪಸ್ ಹೋಗುವಾಗ ಸೆಪ್ಟೆಂಬರ್ ಬಂದಿತ್ತು. ಅಂಗಳಕ್ಕೆ ಮೊದಲ ಬಿಸಿಲು ಬಿದ್ದ ದಿನ ಮಗಳು ಅದನ್ನು ಹೊರಗೆ ತಂದು ಕಲ್ಲಿನ ಮೇಲೆ ಕೂರಿಸಿದಳು, ಅದು ನಾಲ್ಕೂ ಕಾಲು ಚಾಚಿಕೊಂಡು ಕಣ್ಣು ಮುಚ್ಚಿತು.