ಅಮ್ಮನ ಬಗ್ಗೆ ಬರೆಯಲು ಕೂತಾಗ

ಅಮ್ಮ ಹೋಗಿ ಏಳು ತಿಂಗಳಾಗಿತ್ತು. ಅವಳ ಬಗ್ಗೆ ಒಂದು ಪುಟ್ಟ ಪುಸ್ತಕ ಮಾಡಿ ಮನೆಯವರಿಗೆಲ್ಲ ಕೊಡೋಣ ಅಂತ ಕೂತೆ. ಮೊದಲ ರಾತ್ರಿಯೇ ಎರಡು ಪುಟ ಸರಾಗವಾಗಿ ಬಂತು. ತಾಳ್ಮೆಯ ಮೂರ್ತಿ, ತ್ಯಾಗಮಯಿ, ದೈವಭಕ್ತೆ, ಕೈಯಲ್ಲಿ ಕಲೆ ಇದ್ದವಳು. ಬರೆಯುತ್ತಾ ಅತ್ತಿದ್ದೂ ಆಯಿತು. ಬೆಳಿಗ್ಗೆ ಅಕ್ಕನಿಗೆ ಕಳಿಸಿದೆ.

ಅಕ್ಕ ಫೋನ್ ಮಾಡಿದಳು. "ಚೆನ್ನಾಗಿ ಬರೆದಿದ್ದೀಯ ಕಣೇ. ಆದ್ರೆ ಇದು ಯಾರ ಅಮ್ಮ?"

ಸಿಟ್ಟು ಬಂತು. ಎರಡು ದಿನ ಅವಳ ಹತ್ತಿರ ಮಾತೂ ಆಡಲಿಲ್ಲ. ಆಮೇಲೆ ಮತ್ತೆ ಓದಿದೆ. ಅವಳು ಹೇಳಿದ್ದು ಸರಿ ಇತ್ತು. ಹೆಸರೊಂದು ಬದಲಾಯಿಸಿದರೆ ಅದು ಯಾರ ಅಮ್ಮನಿಗಾದರೂ ಹೊಂದುವ ಬರಹ. ಅಷ್ಟು ಬೇಗ ಬರೆಸಿಕೊಂಡಿದ್ದೂ ಅದಕ್ಕೇ ಇರಬೇಕು.

ಸರಿ, ಬೇರೆಯವರನ್ನು ಕೇಳೋಣ ಅಂತ ಹೊರಟೆ. "ಅಮ್ಮ ಹೇಗಿದ್ದಳು, ಹೇಳಿ" ಅಂದರೆ ಎಲ್ಲರದ್ದೂ ಒಂದೇ ಉತ್ತರ: "ದೇವರಂಥವಳು." ಮುಂದೆ ಮಾತಿಲ್ಲ. ಚಿಕ್ಕಮ್ಮನ ಮನೆಗೆ ಹೋದಾಗ ಮಾತ್ರ ನನ್ನ ಚೀಲದಲ್ಲಿ ಅಮ್ಮನ ಬಟ್ಟೆ ಕತ್ತರಿ ಇತ್ತು. ಸುಮ್ನೆ ತೆಗೆದು ಮೇಜಿನ ಮೇಲಿಟ್ಟೆ. ಚಿಕ್ಕಮ್ಮ ಅದನ್ನು ನೋಡಿದವರೇ ಕೈ ಹಿಂದಕ್ಕೆ ತೆಗೆದುಕೊಂಡರು. "ಅಯ್ಯೋ, ಇದರಲ್ಲಿ ಒಂದ್ಸಲ ಕಾಗದ ಕತ್ತರಿಸಿದ್ದಕ್ಕೆ ನಿಮ್ಮಮ್ಮ ನನ್ನ ಹತ್ತಿರ ನಾಲ್ಕು ದಿನ ಮಾತು ಬಿಟ್ಟಿದ್ದಳು!" ಕಾಗದ ಕತ್ತರಿಸಿದರೆ ಬಟ್ಟೆ ಕತ್ತರಿಯ ಬಾಯಿ ಬೇಗ ಮೊಂಡಾಗುತ್ತದೆ. ಹೊಲಿಯುವವರಿಗೆಲ್ಲ ಗೊತ್ತಿರುವ ವಿಷಯ. ಆದರೆ ತಾಳ್ಮೆಯ ಮೂರ್ತಿ ನಾಲ್ಕು ದಿನ ಮಾತು ಬಿಟ್ಟಿದ್ದು ನನಗೆ ಹೊಸದು.

ಅವತ್ತಿಂದ ಖಾಲಿ ಕೈಯಲ್ಲಿ ಯಾರ ಮನೆಗೂ ಹೋಗಲಿಲ್ಲ. ಕನ್ನಡಕದ ಡಬ್ಬಿ, ದಾರದ ಪೆಟ್ಟಿಗೆ, ಒಂದು ಫೋಟೋ, ಏನಾದರೊಂದು ತೆಗೆದುಕೊಂಡು ಹೋಗುತ್ತಿದ್ದೆ. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಪಕ್ಕಕ್ಕಿಟ್ಟು, ವಸ್ತುವನ್ನು ಅವರ ಕೈಗೇ ಕೊಟ್ಟು ಸುಮ್ಮನಿರುತ್ತಿದ್ದೆ. ಸುಮ್ಮನಿರುವುದೇ ಕಷ್ಟದ ಕೆಲಸ. ನಾನು ಬಾಯಿ ಹಾಕಿದಲ್ಲೆಲ್ಲ ಒಳ್ಳೆ ಮಾತು ಅರ್ಧಕ್ಕೇ ನಿಂತಿದೆ. ರೆಕಾರ್ಡಿಂಗ್ ಕೇಳಿದಾಗ ನನಗೇ ನಾಚಿಕೆ ಆಯಿತು.

ಅಮ್ಮನ ಕಸೂತಿ ಒಟ್ಟು ಇಪ್ಪತ್ತಮೂರು ತುಂಡು ಸಿಕ್ಕಿತು. ಅದರಲ್ಲಿ ಒಂದು, ಮಲ್ಲಿಗೆ ಬಳ್ಳಿಯದ್ದು, ಗಾಜಿನ ಚೌಕಟ್ಟಿನಲ್ಲಿ ವರ್ಷಗಟ್ಟಲೆ ಗೋಡೆ ಮೇಲಿತ್ತು. ಫೋಟೋ ತೆಗೆಯಲು ಬಿಚ್ಚಿದೆ. ಬಟ್ಟೆ ತಿರುಗಿಸಿದಾಗ ಒಂದು ಕ್ಷಣ ಬೇರೆಯದೇ ಬಟ್ಟೆ ಅನಿಸಿತು. ಎದುರಿನ ಎಲೆಗಳು ಬೂದು ಹಸಿರು. ಹಿಂದಿನ ಎಲೆಗಳು ನಿನ್ನೆ ತಾನೇ ಹಾಕಿದ ಹಾಗೆ ಕಡು ಹಸಿರು. ಬೆಳಕು ಬಿದ್ದ ಕಡೆ ಬಣ್ಣ ಹೋಗಿದೆ, ಬೀಳದ ಕಡೆ ಉಳಿದಿದೆ, ಅಷ್ಟೇ. ನಾವು ಇಷ್ಟು ವರ್ಷ ನೋಡಿದ್ದು ಮಾಸಿದ ಅಮ್ಮನನ್ನು. ಹಿಂಬದಿಯಲ್ಲಿ ಗಂಟೇ ಇಲ್ಲ. ದಾರದ ತುದಿಯನ್ನೆಲ್ಲ ಹಳೆ ಹೊಲಿಗೆಯ ಅಡಿಗೆ ಸೇರಿಸಿ ಮುಗಿಸಿದ್ದಾಳೆ. ಯಾರೂ ನೋಡದ ಕಡೆ ಇಷ್ಟು ಅಚ್ಚುಕಟ್ಟು! ಕೊನೆಯ ಮೂರು ಎಲೆ ಮಾತ್ರ ನೀಲಿ. ಹಸಿರು ದಾರ ಮುಗಿದಿರಬೇಕು ಅಂದುಕೊಂಡು ಹಾಗೇ ಬರೆದೆ. ಪುಸ್ತಕದಲ್ಲಿ ಆ ಬಟ್ಟೆಯ ಎರಡೂ ಬದಿಯ ಫೋಟೋ ಹಾಕಿದ್ದೇನೆ.

ಬಟ್ಟೆಗಳನ್ನು ಮಡಿಸಿಡುವುದನ್ನು ಬಿಟ್ಟೆ. ಮಡಿಕೆ ಬಿದ್ದ ಗೆರೆಯಲ್ಲೇ ಎಳೆ ಮುರಿಯುತ್ತದೆ. ಆಮ್ಲವಿಲ್ಲದ ಕಾಗದ ಸುತ್ತಿದ ಕೊಳವೆಯ ಮೇಲೆ ಕಸೂತಿ ಹೊರಮುಖವಾಗಿ ಬರುವ ಹಾಗೆ ಸುರುಳಿ ಸುತ್ತಿ, ಒಗೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಕಟ್ಟಿಟ್ಟೆ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ತೇವ ನಿಂತು ಬೂಸ್ಟು ಹಿಡಿಯುತ್ತದೆ. ಒಂದನ್ನೂ ಒಗೆಯಲಿಲ್ಲ. ಒದ್ದೆ ಹತ್ತಿಯನ್ನು ಕೆಂಪು ದಾರದ ಮೇಲೆ ಒತ್ತಿ ನೋಡಿದೆ, ಹತ್ತಿ ಗುಲಾಬಿಯಾಯಿತು. ನೀರಿಗೆ ಹಾಕಿದ್ದರೆ ಬಣ್ಣ ಇಡೀ ಬಟ್ಟೆಗೆ ಹರಡುತ್ತಿತ್ತು.

ಇಪ್ಪತ್ತಮೂರನೆಯದ್ದು ಅರ್ಧ ಮುಗಿದ ಹಕ್ಕಿ. ಸೂಜಿ ಅದರ ರೆಕ್ಕೆಯಲ್ಲೇ ಚುಚ್ಚಿತ್ತು, ಅಮ್ಮ ಇಟ್ಟ ಹಾಗೆ. ಅದನ್ನು ಮುಟ್ಟಲು ಮನಸ್ಸು ಬರಲಿಲ್ಲ. ಹಾಗೇ ಇಡೋಣ ಅಂತ ಅಕ್ಕನೂ ಹೇಳಿದಳು. ಆದರೆ ಹತ್ತಿರದಿಂದ ನೋಡಿದರೆ ಸೂಜಿಯ ಸುತ್ತ ಸಣ್ಣ ಕಂದು ಕಲೆ. ಉಕ್ಕಿನ ಸೂಜಿ ತುಕ್ಕು ಹಿಡಿಯುತ್ತದೆ, ತುಕ್ಕು ಬಟ್ಟೆಯನ್ನು ತಿನ್ನುತ್ತದೆ. ಮೊದಲು ಸೂಜಿ ಇದ್ದ ಹಾಗೇ ನಾಲ್ಕು ಫೋಟೋ ತೆಗೆದೆ. ಆಮೇಲೆ ನಿಧಾನವಾಗಿ ಎಳೆದೆ. ದಾರವನ್ನು ಕತ್ತರಿಸಲಿಲ್ಲ, ಹಾಗೇ ಇಳಿಬಿಟ್ಟೆ. ಇಡೀ ಕೆಲಸದಲ್ಲಿ ಕೈ ನಡುಗಿದ್ದು ಅದೊಂದೇ ಸಲ.

ಫೋಟೋಗಳದ್ದು ಹೇಳುವಂಥದ್ದೇನಿಲ್ಲ. ಅಂಟಿನ ಹಾಳೆಯ ಆಲ್ಬಮ್‌ನಿಂದ ಸುಲಭವಾಗಿ ಬಂದವನ್ನು ಹಲ್ಲುಸಂದಿ ಶುಚಿ ಮಾಡುವ ದಾರದಿಂದ ಬಿಡಿಸಿದೆ. ಬರದವನ್ನು ಹಾಳೆ ಸಮೇತ 600 ಡಿಪಿಐನಲ್ಲಿ, ಅಂದರೆ ಅಂಗುಲಕ್ಕೆ 600 ಚುಕ್ಕೆಯ ಲೆಕ್ಕದಲ್ಲಿ, ಸ್ಕ್ಯಾನ್ ಮಾಡಿದೆ. ಹಿಂದೆ ಹೆಸರು ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ ಒಳ್ಳೆಯದು. ಬಾಲ್ ಪೆನ್ನಿನ ಒತ್ತು ಮುಖದ ಕಡೆ ಮೂಡುತ್ತದೆ.

ಕ್ಯಾಸೆಟ್ ವಿಷಯದಲ್ಲಿ ಮಾತ್ರ ಪೆಟ್ಟು ತಿಂದೆ. ಅಮ್ಮ ದೇವರ ಹಾಡು ಹೇಳಿದ್ದ ಒಂದೇ ಒಂದು ಅರವತ್ತು ನಿಮಿಷದ ಕ್ಯಾಸೆಟ್ ಇತ್ತು. ಕಂಪ್ಯೂಟರ್‌ಗೆ ಹಾಕಿಕೊಡಲು ಒಬ್ಬರಿಗೆ ಕೊಟ್ಟೆ. ಬಂದಾಗ ಧ್ವನಿ ತುಂಬಾ ಶುಭ್ರ. ಅಕ್ಕ ಎರಡು ನಿಮಿಷ ಕೇಳಿ, "ಅಮ್ಮ ಬಾವಿಯೊಳಗೆ ಕೂತು ಹಾಡಿದ ಹಾಗಿದೆ" ಅಂದಳು. ಸಾಫ್ಟ್‌ವೇರ್‌ನಲ್ಲಿ ಗದ್ದಲ ತೆಗೆದಿದ್ದರು. ಟೇಪಿನ ಸರಸರ ಸದ್ದಿನ ಜೊತೆಗೆ ಅಮ್ಮ ಉಸಿರೆಳೆದುಕೊಳ್ಳುವುದು, ನಡುವೆ ಕತ್ತರಿ ಮೇಜಿಗೆ ತಾಗುವುದು, ಎಲ್ಲ ಮಾಯ. ಪುಣ್ಯಕ್ಕೆ ಕ್ಯಾಸೆಟ್ ಹಾಳಾಗಿರಲಿಲ್ಲ. ಎರಡನೇ ಸಲ ನಾನೇ ಕೂತೆ. ಹಳೆ ಟೇಪ್ ರೆಕಾರ್ಡರ್ ಹೊಂದಿಸಿಕೊಂಡು, ಅದರೊಳಗೆ ಟೇಪು ತಾಗುವ ಹೆಡ್ ಒರೆಸಿ, ಕ್ಯಾಸೆಟ್ಟಿನ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಚೂರು ಮುರಿದೆ. ಅವು ಮುರಿದರೆ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯದು ಅಳಿಸಿಹೋಗುವುದಿಲ್ಲ. ಒಂದು ಬದಿಗೆ ಮೂವತ್ತು ನಿಮಿಷ. ಇದರಲ್ಲಿ ಅವಸರ ನಡೆಯುವುದಿಲ್ಲ, ಹಾಡು ಎಷ್ಟು ಹೊತ್ತೋ ಅಷ್ಟು ಹೊತ್ತು ಕೂತಿರಬೇಕು. ಧ್ವನಿಯನ್ನು ಕುಗ್ಗಿಸದೆ ಇಡುವ ಡಬ್ಲ್ಯೂಎವಿ (WAV) ಫೈಲ್ ಆಗಿ ಉಳಿಸಿ, ಮೂರು ಕಡೆ ಇಟ್ಟೆ. ಒಂದು ಅಕ್ಕನ ಮನೆಯಲ್ಲಿದೆ.

ಇನ್ನು ಪ್ರಾರ್ಥನೆಯ ನೋಟ್‌ಬುಕ್. ಇದರ ಬಗ್ಗೆಯೇ ನಾವಿಬ್ಬರೂ ಜಾಸ್ತಿ ಜಗಳ ಆಡಿದ್ದು. ಅಮ್ಮ ದಿನಾ ರಾತ್ರಿ ತಾರೀಕು ಹಾಕಿ, ಯಾರಿಗಾಗಿ ದೇವರನ್ನು ಕೇಳಿಕೊಂಡಳೋ ಅವರ ಹೆಸರು ಬರೆಯುತ್ತಿದ್ದಳು. ನಮ್ಮ ಹೆಸರು ಇದ್ದೇ ಇರುತ್ತಿತ್ತು. ಪರೀಕ್ಷೆಗೆ ಹೋದ ಪಕ್ಕದ ಮನೆ ಹುಡುಗ, ಕಾಲು ಮುರಿದುಕೊಂಡ ಟೈಲರ್, ವರ್ಷಗಟ್ಟಲೆ ಮಾತು ಬಿಟ್ಟಿದ್ದ ಒಬ್ಬ ನೆಂಟರು. ಆ ನೆಂಟರ ಹೆಸರು ವಾರಕ್ಕೊಂದು ಸಲವಾದರೂ ಇದೆ. ಅವರ ವಿಷಯ ಎತ್ತಿದರೆ ಅಮ್ಮನ ಮುಖ ಗಂಟಾಗುತ್ತಿದ್ದುದನ್ನು ನಾನೇ ನೋಡಿದ್ದೇನೆ. ಎರಡೂ ನಿಜ.

ನಡುವೆ ಐದು ವಾರ ಬರೀ ತಾರೀಕು. ಕೆಳಗೆ ಏನೂ ಇಲ್ಲ. ಲೆಕ್ಕ ಹಾಕಿದೆವು: ತಮ್ಮನಿಗೆ ಕಾಯಿಲೆ ಹೆಚ್ಚಾಗಿದ್ದ ದಿನಗಳು. ಆರನೇ ವಾರದ ಮೊದಲ ಸಾಲಿನಲ್ಲಿ ಅವನ ಹೆಸರು, ಎರಡು ಸಲ.

"ಇದನ್ನು ಹಾಕಬೇಡ. ಅಮ್ಮನ ನಂಬಿಕೆ ಸಡಿಲವಾಗಿತ್ತು ಅಂತ ಜನ ಅಂದುಕೊಳ್ತಾರೆ," ಅಂದಳು ಅಕ್ಕ.

"ಏನೂ ಬರೆಯಕ್ಕೆ ಆಗದೇ ಇದ್ದಾಗಲೂ ದಿನಾ ತಾರೀಕು ಹಾಕಿದಾಳಲ್ಲೇ ಅಕ್ಕ," ಅಂದೆ.

ಅವಳು ಒಪ್ಪಲಿಲ್ಲ. ಕೊನೆಗೆ ತಮ್ಮನನ್ನೇ ಕೇಳಿದೆವು. ಅವನು ಆ ಪುಟಗಳನ್ನು ತುಂಬಾ ಹೊತ್ತು ನೋಡುತ್ತಾ ಕೂತ. "ಹಾಕಿ" ಅಂದ, ಎದ್ದು ಹೋದ. ಮಾತು ಬಿಟ್ಟಿದ್ದ ನೆಂಟರ ಹೆಸರನ್ನು ಮಾತ್ರ ಮುಚ್ಚಿದ್ದೇವೆ. ಅದು ಅವರ ಮತ್ತು ಅಮ್ಮನ ನಡುವಿನದ್ದು.

ಬರಹ, ಫೋಟೋ ಎಲ್ಲ ಸೇರಿ ನಲವತ್ತೈದು ಪುಟ ಆಯಿತು. ನಡುವೆ ಪಿನ್ ಹೊಡೆಯುವ ಪುಸ್ತಕದ ಪುಟ ನಾಲ್ಕರ ಲೆಕ್ಕದಲ್ಲೇ ಇರಬೇಕು, ಹಾಗಾಗಿ ನಲವತ್ತೆಂಟು. ಉಳಿದ ಮೂರು ಪುಟಕ್ಕೆ ಏನಾದರೂ ಬರೆದು ತುಂಬಿಸೋಣ ಅನಿಸಿತ್ತು. ತಾಳ್ಮೆಯ ಮೂರ್ತಿ ಮತ್ತೆ ಬಂದುಬಿಟ್ಟಾಳು ಅಂತ ಹೆದರಿ ಖಾಲಿ ಬಿಟ್ಟೆ.

ಚಿಕ್ಕಮ್ಮ ಪುಸ್ತಕ ಓದಿ ವಾರದಲ್ಲೇ ವಾಪಸ್ ಕಳಿಸಿದರು. ಖಾಲಿ ಪುಟದಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದರು: "ಮಲ್ಲಿಗೆ ಬಳ್ಳಿಯ ಹಸಿರು ದಾರ ಮುಗಿದಿದ್ದಲ್ಲ. ನನ್ನ ಗೊಂಬೆಯ ಜಡೆಗೆ ಅಂತ ನಾನೇ ಕದ್ದಿದ್ದೆ. ಅಕ್ಕನಿಗೆ ಗೊತ್ತಿತ್ತು. ಕೇಳಲಿಲ್ಲ, ನೀಲಿ ಹಾಕಿದಳು."