ಸೋಲುತ್ತಿದ್ದ ಓರಿಯೋಲ್ಸ್‌ನಲ್ಲಿ ನಾನು ಹುಡುಕಿದ್ದು

ಏಪ್ರಿಲ್ ತಿಂಗಳ ಅಂಕಪಟ್ಟಿ ನೋಡಿ ಬೇಸ್‌ಬಾಲ್ ತಂಡದ ಹಣೆಬರಹ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಲೀಗ್ ಹಂತದಲ್ಲಿಯೇ 162 ಪಂದ್ಯಗಳಿರುವ ಆಟವಿದು. ಮೇರಿಲ್ಯಾಂಡ್‌ನಲ್ಲಿ ನೆಲೆಸಿದ ಮೇಲೆ ಬಾಲ್ಟಿಮೋರ್ ಓರಿಯೋಲ್ಸ್ ನನ್ನ ತಂಡವಾಯಿತು. ಅದು 2018ರಲ್ಲಿ 115, 2019ರಲ್ಲಿ 108, 2021ರಲ್ಲಿ 110 ಪಂದ್ಯಗಳನ್ನು ಸೋತಿತ್ತು. 2018ರ ಕೊನೆಯಲ್ಲಿ ಜನರಲ್ ಮ್ಯಾನೇಜರ್ ಆಗಿ ಬಂದ ಮೈಕ್ ಇಲಾಯಸ್, ಎಳೆಯ ಆಟಗಾರರನ್ನು ಆರಿಸಿ, ಬೆಳೆಸಿ, ತಂಡವನ್ನು ಬುಡದಿಂದ ಕಟ್ಟುವ ದಾರಿ ಹಿಡಿದಿದ್ದರು. 2022ರ ಆರಂಭದಲ್ಲಿ ಆ ಕೆಲಸ ಎಲ್ಲಿಗೆ ಬಂದಿದೆ ಎಂಬುದನ್ನು ನಾನೇ ಅಳೆಯಬೇಕೆಂದು ಕುಳಿತೆ.

ಮೊದಲು ನೋಡಿದ್ದು ಎದುರಾಳಿಗಳು ಯಾರೆಂಬುದನ್ನು. ಓರಿಯೋಲ್ಸ್ ಇರುವ ವಿಭಾಗದ ಉಳಿದ ನಾಲ್ಕೂ ತಂಡಗಳು 2021ರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಪಂದ್ಯಗಳನ್ನು ಗೆದ್ದಿದ್ದವು. ಆಗಿನ ವೇಳಾಪಟ್ಟಿಯ ಪ್ರಕಾರ ಪ್ರತಿಯೊಂದರ ಜೊತೆಗೂ 19 ಪಂದ್ಯಗಳು. ಅವುಗಳಲ್ಲೊಂದಾದ ಟ್ಯಾಂಪಾ ಬೇ ತಂಡದ ಊರಿನಲ್ಲಿ ಮೊದಲ ಮೂರೂ ಪಂದ್ಯಗಳನ್ನು ಸೋತಾಗ ಗೆಳೆಯರು ‘ಈ ವರ್ಷವೂ ಅಷ್ಟೇ’ ಎಂದರು. ಹಿಂದಿನ ವರ್ಷ ನೂರು ಪಂದ್ಯ ಗೆದ್ದ ತಂಡಕ್ಕೆ ಅದರ ಊರಿನಲ್ಲೇ ಸೋತದ್ದರಿಂದ ಹೊಸದಾಗಿ ತಿಳಿಯುವುದು ಏನೂ ಇರಲಿಲ್ಲ.

ಎರಡನೆಯದು ರನ್‌ಗಳ ಲೆಕ್ಕ. ತಂಡ ಎಷ್ಟು ಪಾಲು ಪಂದ್ಯ ಗೆಲ್ಲಬೇಕಿತ್ತು ಎಂದು ತಿಳಿಯಲು ಬೇಸ್‌ಬಾಲ್ ಅಂಕಿಅಂಶಗಳ ಬರಹಗಾರ ಬಿಲ್ ಜೇಮ್ಸ್ ಕೊಟ್ಟ ಸೂತ್ರ ಸರಳವಾಗಿದೆ: ಗಳಿಸಿದ ರನ್‌ಗಳ ವರ್ಗವನ್ನು, ಗಳಿಸಿದ ಮತ್ತು ಬಿಟ್ಟುಕೊಟ್ಟ ರನ್‌ಗಳ ವರ್ಗಗಳ ಮೊತ್ತದಿಂದ ಭಾಗಿಸಬೇಕು. ಉದಾಹರಣೆಗೆ, ನಲವತ್ತು ಪಂದ್ಯಗಳಲ್ಲಿ 140 ರನ್ ಗಳಿಸಿ 160 ಬಿಟ್ಟುಕೊಟ್ಟ ತಂಡ ಸುಮಾರು ಹದಿನೇಳು ಪಂದ್ಯಗಳನ್ನು ಗೆಲ್ಲಬೇಕು. ಹತ್ತೇ ಗೆದ್ದಿದ್ದರೆ ಅದೃಷ್ಟ ಕೈಕೊಟ್ಟಿದೆ, ಇಪ್ಪತ್ತೆರಡು ಗೆದ್ದಿದ್ದರೆ ಸಂಭ್ರಮಕ್ಕೆ ಕಡಿವಾಣ ಹಾಕಬೇಕು.

ನನ್ನ ಹೆಚ್ಚಿನ ಸಮಯ ಹೋದದ್ದು ಚೆಂಡು ಎಸೆಯುವ ಪಿಚರ್‌ಗಳ ಮೇಲೆ. 2021ರಲ್ಲಿ ಈ ತಂಡದ ಪಿಚಿಂಗ್ ಸರಾಸರಿ, ಅಂದರೆ ಒಂದು ಪಂದ್ಯದ ಒಂಬತ್ತು ಇನಿಂಗ್ಸ್‌ಗೆ ಪಿಚರ್‌ಗಳು ಬಿಟ್ಟುಕೊಟ್ಟದ್ದು, 5.84 ರನ್; ಇಡೀ ಲೀಗ್‌ನಲ್ಲೇ ಅದಕ್ಕಿಂತ ಕೆಟ್ಟದ್ದಿರಲಿಲ್ಲ. 2022ರ ಏಪ್ರಿಲ್‌ನಲ್ಲಿ ಅದು ಎದ್ದು ಕಾಣುವಂತೆ ಇಳಿಯಿತು. ಆದರೆ ಈ ಇಳಿಕೆಯನ್ನು ಹಾಗೆಯೇ ನಂಬುವಂತಿರಲಿಲ್ಲ. ಆ ವರ್ಷ ತಂಡದ ತವರು ಮೈದಾನ ಕ್ಯಾಮ್ಡೆನ್ ಯಾರ್ಡ್ಸ್‌ನ ಎಡಬದಿಯ ಗೋಡೆಯನ್ನು ಹಿಂದಕ್ಕೆ ಸರಿಸಿ, ಸುಮಾರು 7 ಅಡಿಯಿಂದ 13 ಅಡಿಗೆ ಎತ್ತರಿಸಿದ್ದರು. ಹಿಂದೆ ಗೋಡೆ ದಾಟಿ ಹೋಮ್ ರನ್ ಆಗುತ್ತಿದ್ದ ಹೊಡೆತಗಳು ಈಗ ಕ್ಯಾಚ್ ಆಗುತ್ತಿದ್ದವು. ಸಾಲದ್ದಕ್ಕೆ ಆ ಏಪ್ರಿಲ್‌ನಲ್ಲಿ ಲೀಗ್‌ನ ಎಲ್ಲ ಕಡೆಯೂ ಬ್ಯಾಟಿಂಗ್ ಸೊರಗಿತ್ತು.

ಆದ್ದರಿಂದ ಗೋಡೆಗೂ ಚೆಂಡು ಹಾರುವ ದೂರಕ್ಕೂ ಸಂಬಂಧವಿಲ್ಲದ ಎರಡು ಅಂಕಿಗಳನ್ನು ಹಿಡಿದುಕೊಂಡೆ. ಒಂದು ಸ್ಟ್ರೈಕ್‌ಔಟ್: ಬ್ಯಾಟರ್ ಚೆಂಡನ್ನು ಆಟದೊಳಕ್ಕೆ ಹೊಡೆಯಲಾಗದೆ ಔಟಾಗುವುದು. ಇನ್ನೊಂದು ವಾಕ್: ಪಿಚರ್ ನಾಲ್ಕು ಚೆಂಡುಗಳನ್ನು ಗುರಿತಪ್ಪಿ ಎಸೆದು ಬ್ಯಾಟರ್‌ಗೆ ಮೊದಲ ಬೇಸನ್ನು ಸುಮ್ಮನೆ ಕೊಟ್ಟುಬಿಡುವುದು. ಬ್ಯಾಟಿಂಗ್ ಸರಾಸರಿ ನಂಬಿಕೆಗೆ ಅರ್ಹವಾಗಲು ತಿಂಗಳುಗಟ್ಟಲೆ ಬೇಕು. ಸ್ಟ್ರೈಕ್‌ಔಟ್ ಪ್ರಮಾಣ ಮಾತ್ರ ಕೆಲವೇ ವಾರಗಳಲ್ಲಿ ನಿಜ ರೂಪ ತೋರಿಸುತ್ತದೆ. ಚೆಂಡಿನ ವೇಗ ಇನ್ನೂ ಬೇಗ ತಿಳಿಯುತ್ತದೆ. ಹೊಸಬ ಫೆಲಿಕ್ಸ್ ಬಟಿಸ್ಟಾ ಗಂಟೆಗೆ 99 ಮೈಲಿಗೂ ಮೇಲೆ ಎಸೆಯುತ್ತಿದ್ದುದನ್ನು ಕಂಡಾಗ ಸರಾಸರಿಗಾಗಿ ಕಾಯಬೇಕೆನಿಸಲಿಲ್ಲ. ಹಿಂದಿನ ವರ್ಷ ಆರಂಭಿಕ ಪಿಚರ್ ಆಗಿ ಪೆಟ್ಟು ತಿಂದಿದ್ದ ಹೋರ್ಹೆ ಲೋಪೆಸ್, ಕೊನೆಯ ಇನಿಂಗ್ಸ್‌ಗೆ ಬಂದು ಬೇರೆಯೇ ಮನುಷ್ಯನಂತೆ ಎಸೆಯುತ್ತಿದ್ದ. ತಂಡದ ಅತ್ಯುತ್ತಮ ಪಿಚರ್ ಜಾನ್ ಮೀನ್ಸ್ ಏಪ್ರಿಲ್‌ನಲ್ಲೇ ಮೊಣಕೈ ಗಾಯದಿಂದ ಹೊರಬಿದ್ದ ಮೇಲೂ ತಂಡ ಕುಸಿಯಲಿಲ್ಲ. ನನ್ನ ಪಾಲಿಗೆ ಅತಿ ದೊಡ್ಡ ಸುಳಿವು ಅದೇ.

ಬ್ಯಾಟಿಂಗ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ, ಅದು ಇನ್ನೂ ಬಡವಾಗಿಯೇ ಇತ್ತು. ಅಲ್ಲಿ ಕೇಳಬೇಕಾದ ಪ್ರಶ್ನೆ, ಇಂದು ಆಡುತ್ತಿರುವವರಲ್ಲಿ ಎಷ್ಟು ಮಂದಿ ಮೂರು ವರ್ಷದ ನಂತರವೂ ಇಲ್ಲಿರುತ್ತಾರೆ ಎಂಬುದು. ಮೂವತ್ತೆರಡರ ಆಟಗಾರ ಏಪ್ರಿಲ್‌ನಲ್ಲಿ ಅಬ್ಬರಿಸಿದರೆ ಸಂತೋಷವೇ, ಆದರೆ ತಂಡ ಕಟ್ಟುವ ಲೆಕ್ಕಕ್ಕೆ ಅದು ಸೇರುವುದಿಲ್ಲ. ಹಾಗಾಗಿ ಓರಿಯೋಲ್ಸ್ ಪಂದ್ಯದ ಜೊತೆಗೆ ಅದರ ಕಿರಿಯ ತಂಡಗಳಿರುವ ನಾರ್ಫೋಕ್ ಮತ್ತು ಬೋವಿಯ ಫಲಿತಾಂಶಗಳನ್ನೂ ಓದುತ್ತಿದ್ದೆ. ಬೋವಿಯಲ್ಲಿ ಎಳೆಯ ಆಟಗಾರ ಗನ್ನರ್ ಹೆಂಡರ್ಸನ್ ಇದ್ದ. 2019ರಲ್ಲಿ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ಬಂದ, ಬ್ಯಾಟರ್ ಹಿಂದೆ ನಿಂತು ಚೆಂಡು ಹಿಡಿಯುವ ಕ್ಯಾಚರ್ ಆಡ್ಲಿ ರಚ್‌ಮನ್ ತೋಳಿನ ಗಾಯದಿಂದ ತಡವಾಗಿ ಸಿದ್ಧನಾಗುತ್ತಿದ್ದ.

ಮೇ 21ರಂದು ರಚ್‌ಮನ್ ಮೊದಲ ಬಾರಿಗೆ ಕಣಕ್ಕಿಳಿದಾಗ ತಂಡ 16 ಗೆದ್ದು 24 ಸೋತಿತ್ತು. ಅಂಕಪಟ್ಟಿಯಲ್ಲಿ ಅದು ಸೋಲುವ ತಂಡವೇ. ನನ್ನ ಹಾಳೆಯಲ್ಲಿ ಮಾತ್ರ ಪಿಚಿಂಗ್ ಎದುರು ‘ಗೆದ್ದಿದೆ’ ಎಂದೂ ಬ್ಯಾಟಿಂಗ್ ಎದುರು ‘ಬರುತ್ತಿದೆ’ ಎಂದೂ ಬರೆದೆ. ಅಲ್ಲಿಂದಾಚೆಗೆ ಅವರು 67 ಗೆದ್ದು 55 ಸೋತರು; ಪಿಚಿಂಗ್ ಸರಾಸರಿ ವರ್ಷದ ಕೊನೆಗೆ 3.97ಕ್ಕೆ ಬಂದು ನಿಂತಿತು.

2023ರ ಏಪ್ರಿಲ್‌ನಲ್ಲಿ ಅದೇ ಹಾಳೆಯ ಪ್ರಶ್ನೆಗಳನ್ನು ಬದಲಿಸಿದೆ. ಯಾರು ಬರುತ್ತಿದ್ದಾರೆ ಎಂಬುದರ ಬದಲು, ಆರಂಭಿಕ ಪಿಚರ್‌ಗಳು ಆರನೇ ಇನಿಂಗ್ಸ್ ದಾಟುತ್ತಿದ್ದಾರೆಯೇ ಎಂದು ನೋಡತೊಡಗಿದೆ.