ಅಪಲಾಚಿಯನ್ ಕಾಡಿನ ನೆರಳಲ್ಲಿ ಜಿನ್ಸೆಂಗ್ ಬೆಳೆಯುವುದು ಹೇಗೆ

ಅಮೆರಿಕದ ಅಪಲಾಚಿಯನ್ ಬೆಟ್ಟಸಾಲಿನಲ್ಲಿ, ಅಂದರೆ ವರ್ಜೀನಿಯಾ, ಓಹಾಯೊ, ನಾರ್ತ್ ಕೆರೊಲೈನಾದ ಗುಡ್ಡಗಳ ಕಡೆ ಇದ್ದೀರಾ, ಮನೆ ಹಿಂದೆ ಸ್ವಂತದ ಕಾಡು ಒಂದಿಷ್ಟು ಇದೆಯಾ? ಹಾಗಾದರೆ ಔಷಧಿಯ ಬೇರಿಗಾಗಿ ಬೆಳೆಯುವ ಅಮೆರಿಕನ್ ಜಿನ್ಸೆಂಗ್ ಗಿಡ ಹಾಕಿ ನೋಡಬಹುದು. ಕರ್ನಾಟಕದ ಊರಿನ ತೋಟದಲ್ಲಿ ಹಾಕುವ ಆಸೆ ಮಾತ್ರ ಬೇಡ. ತಿಂಗಳುಗಟ್ಟಲೆ ಗಟ್ಟಿ ಚಳಿ ಸಿಗದಿದ್ದರೆ ಈ ಗಿಡ ಮತ್ತೆ ಚಿಗುರುವುದಿಲ್ಲ. (ನಮ್ಮಲ್ಲಿ 'ಇಂಡಿಯನ್ ಜಿನ್ಸೆಂಗ್' ಅಂತ ಮಾರುವುದು ಅಶ್ವಗಂಧ, ಅದಕ್ಕೂ ಇದಕ್ಕೂ ನೆಂಟಸ್ತನವೇ ಇಲ್ಲ.)

ಇದನ್ನು ಕೊಳ್ಳುವವರು ಮೊದಲಿನಿಂದಲೂ ಚೀನಾದವರೇ. 1784ರಲ್ಲಿ ಅಮೆರಿಕದಿಂದ ಚೀನಾದ ಕ್ಯಾಂಟನ್ ಬಂದರಿಗೆ ಹೊರಟ 'ಎಂಪ್ರೆಸ್ ಆಫ್ ಚೈನಾ' ಹಡಗಿನಲ್ಲಿದ್ದ ಮುಖ್ಯ ಸರಕು ಇದೇ ಬೇರು. ಚೀನೀ ವೈದ್ಯರ ಲೆಕ್ಕದಲ್ಲಿ ಕೊರಿಯಾದ ಜಿನ್ಸೆಂಗ್ ಉಷ್ಣ, ಇದು ತಂಪು. ವಿಸ್ಕಾನ್ಸಿನ್‌ನ ಮ್ಯಾರಥಾನ್ ಕೌಂಟಿಯಲ್ಲಿ ನೆರಳು ಬಲೆ ಕಟ್ಟಿ, ಗೊಬ್ಬರ, ಔಷಧಿ ಹೊಡೆದು ಬೆಳೆಯುವ ದಪ್ಪ ನುಣುಪು ಬೇರಿಗೆ ಸಿಗುವುದು ಕಡಿಮೆ ಬೆಲೆ. ಕಾಡಲ್ಲಿ ನಿಧಾನವಾಗಿ ಬೆಳೆದ, ಸುಕ್ಕುಗಟ್ಟಿದ, ಮೈತುಂಬ ಉಂಗುರ ಇರುವ ಬೇರಿಗೇ ಒಳ್ಳೆ ಬೆಲೆ. ಹಾಗಾಗಿ ಉಳುವುದು, ಗೊಬ್ಬರ ಸುರಿಯುವುದು ಯಾವುದೂ ಬೇಡ.

ಮುಕ್ಕಾಲು ಕೆಲಸ ಜಾಗ ಹುಡುಕುವುದರಲ್ಲೇ ಇದೆ. ಉತ್ತರಕ್ಕೋ ಪೂರ್ವಕ್ಕೋ ಮುಖ ಮಾಡಿದ ಇಳಿಜಾರು ಬೇಕು, ನೀರು ನಿಲ್ಲಬಾರದು, ಆದರೆ ಮಣ್ಣು ಪೂರ್ತಿ ಒಣಗಲೂಬಾರದು. ನೂರಕ್ಕೆ 75-80ರಷ್ಟು ನೆರಳು ಇರಬೇಕು. ಮೇಲೆ ಶುಗರ್ ಮೇಪಲ್, ಟ್ಯೂಲಿಪ್ ಪಾಪ್ಲರ್, ಬ್ಯಾಸ್‌ವುಡ್ ಮರಗಳಿದ್ದರೆ ಖುಷಿಪಡಿ, ಇವುಗಳ ಎಲೆ ಕೊಳೆತ ಮಣ್ಣಲ್ಲಿ ಕ್ಯಾಲ್ಸಿಯಂ ಚೆನ್ನಾಗಿರುತ್ತದೆ. ಕೆಳಗೆ ಮೇಡನ್‌ಹೇರ್ ಜರಿಗಿಡ, ಟ್ರಿಲಿಯಂ, ಬ್ಲಡ್‌ರೂಟ್‌ನಂಥ ಕಾಡು ಹೂಗಿಡ ಕಂಡರೆ ಇನ್ನೂ ಒಳ್ಳೆಯದು. ಪೈನ್, ಬ್ಲೂಬೆರಿ, ಮೌಂಟನ್ ಲಾರೆಲ್ ಪೊದೆ ತುಂಬಿರುವ ಕಡೆ ಮಣ್ಣು ಹುಳಿ, ಅಲ್ಲಿ ಸುಮ್ನೆ ಬೀಜ ದಂಡ.

ಬೀಜದ ವಿಷಯಕ್ಕೆ ಬಂದರೆ, ಹಣ್ಣಿನಿಂದ ತೆಗೆದ ಹಸಿ ಬೀಜ ಮೊಳೆಯಲು ಒಂದೂವರೆ ವರ್ಷಕ್ಕಿಂತ ಜಾಸ್ತಿ ಬೇಕು. ಅದಕ್ಕೇ ಒದ್ದೆ ಮರಳಲ್ಲಿ ಒಂದು ವರ್ಷ ಇಟ್ಟು ಹದ ಮಾಡಿದ ಬೀಜವನ್ನೇ ಕೇಳಿ ತರಿಸಿ. ಬಂದ ಮೇಲೆ ಒಣಗಲು ಬಿಡಬೇಡಿ, ಒಣಗಿದರೆ ಸತ್ತಂತೆಯೇ. ಎಲೆ ಉದುರುವ ಕಾಲದಲ್ಲಿ, ನೆಲ ಹೆಪ್ಪುಗಟ್ಟುವ ಮೊದಲು, ತರಗೆಲೆ ಸರಿಸಿ, ಅರ್ಧದಿಂದ ಮುಕ್ಕಾಲು ಇಂಚು ಆಳದಲ್ಲಿ ಬೀಜ ಊರಿ, ಕಾಲಲ್ಲಿ ಮೆತ್ತಗೆ ಅದುಮಿ, ತರಗೆಲೆಯನ್ನು ವಾಪಸ್ ಎಳೆದುಬಿಡಿ. ಒತ್ತೊತ್ತಾಗಿ ಹಾಕಬೇಡಿ. ಒಂದು ಗಿಡಕ್ಕೆ ಎಲೆ ರೋಗ, ಬೇರು ಕೊಳೆ ಹತ್ತಿದರೆ ಪಕ್ಕದ್ದಕ್ಕೂ ಹರಡುತ್ತದೆ, ಏಲಕ್ಕಿ ತೋಟದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ ಅಲ್ವಾ.

ಮೊದಲ ವಸಂತದಲ್ಲಿ ಕಾಣುವುದು ಸ್ಟ್ರಾಬೆರಿ ಎಲೆಯಂಥ ಮೂರೇ ಮೂರು ಪುಟ್ಟ ಎಲೆ. ಕೆಲವನ್ನು ಚಿಪ್ಪಿಲ್ಲದ ಬಸವನಹುಳ (ಸ್ಲಗ್) ತಿನ್ನುತ್ತದೆ, ಕೆಲವನ್ನು ಜಿಂಕೆ. ಹುಟ್ಟಿದ್ದೆಲ್ಲ ಉಳಿಯುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಕಾಟ ಕಳ್ಳರದು, ಎಲ್ಲಿ ಹಾಕಿದ್ದೀರಿ ಅಂತ ಊರಿಗೆಲ್ಲ ಹೇಳಿಕೊಂಡು ಬರಬೇಡಿ, ಫೋಟೋ ಹಾಕುವ ಚಪಲವೂ ಬೇಡ.

ಕೀಳಲು ಏಳೆಂಟು ವರ್ಷವಾದರೂ ಕಾಯಿರಿ, ಹತ್ತಾದರೆ ಇನ್ನೂ ಲೇಸು. ಬೇರಿನ ಕುತ್ತಿಗೆಯ ಮೇಲೆ ವರ್ಷಕ್ಕೊಂದು ಗಾಯದ ಗುರುತು ಉಳಿಯುತ್ತದೆ, ಎಣಿಸಿದರೆ ವಯಸ್ಸು ಗೊತ್ತಾಗುತ್ತದೆ. 1975ರಿಂದ ಈ ಗಿಡ ಸೈಟಿಸ್ (ಕಾಡು ಗಿಡ-ಪ್ರಾಣಿಗಳ ವಿದೇಶಿ ವ್ಯಾಪಾರಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ) ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ, ಐದು ವರ್ಷ ತುಂಬದ ಕಾಡು ಬೇರನ್ನು ರಫ್ತು ಮಾಡುವಂತಿಲ್ಲ. ಕೀಳುವ ಕಾಲ, ಪರವಾನಗಿ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ, ನಿಮ್ಮ ರಾಜ್ಯದ ನಿಯಮ ಮೊದಲೇ ವಿಚಾರಿಸಿ. ನ್ಯಾಷನಲ್ ಪಾರ್ಕ್‌ನಲ್ಲಿ ಕಿತ್ತರೆ ಅಪರಾಧ.

ಕೆಂಪು ಹಣ್ಣಿದ್ದರೆ ಅದರ ಬೀಜವನ್ನು ಅಲ್ಲೇ ಊರಿ. ಬೇರನ್ನು ಬ್ರಷ್ ಹಾಕಿ ತಿಕ್ಕಬೇಡಿ, ನೀರಲ್ಲಿ ಹಗುರಾಗಿ ಆಡಿಸಿದರೆ ಸಾಕು. ಉಂಗುರಗಳ ನಡುವೆ ಮಣ್ಣಿನ ಬಣ್ಣ ಉಳಿದರೆ ಕೊಳ್ಳುವವರಿಗೆ ಇಷ್ಟ. ಗಾಳಿಯಾಡುವ ಕಡೆ, ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಮುರಿದರೆ ಲಟಕ್ಕನೆ ಮುರಿಯುವವರೆಗೆ ಒಣಗಿಸಿ. ಮೂರು ಕಿಲೋ ಹಸಿ ಬೇರಿಗೆ ಒಣಗಿದ್ದು ಹೆಚ್ಚುಕಡಿಮೆ ಒಂದು ಕಿಲೋ ಸಿಗುತ್ತದೆ. ಒಂದೆರಡು ಚೂರು ಮನೆಯಲ್ಲೇ ಟೀಗೆ ಹಾಕಿಕೊಳ್ಳುವುದಾದರೆ ಪರವಾಗಿಲ್ಲ, ಆದರೆ ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ನುಂಗುವವರು ಮುಟ್ಟಬೇಡಿ, ಇದು ಆ ಮಾತ್ರೆಯ ಕೆಲಸವನ್ನು ಕುಗ್ಗಿಸುತ್ತದೆ.